ಆರು ಸೆಕೆಂಡು

ಹನ್ನೊಂದು ವರ್ಷ ದೆಮ್ಯಾನ್ ನನ್ನ ಕೈ ಹಿಡಿದಿದ್ದ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ. ಐಸಿನ ಮೇಲಿದ್ದರೂ ಅವನ ಅಂಗೈ ಬೆವರುತ್ತಿತ್ತು. ತಾಲೀಮಿನ ನಡುವೆ ಸೂರ್ಯಕಾಂತಿ ಬೀಜ ಕಡಿದು, ಸಿಪ್ಪೆಯನ್ನು ಕೈಗವಸಿನೊಳಗೆ ಉಗುಳಿ, ಆಮೇಲೆ ಅದೇ ಕೈಯನ್ನು ನನ್ನತ್ತ ಚಾಚುತ್ತಿದ್ದ. ಬೆರಳ ಸಂದಿಯಲ್ಲಿ ಒಂದೆರಡು ಸಿಪ್ಪೆ ಅಂಟಿಯೇ ಇರುತ್ತಿದ್ದವು. ನಾನು ಹಿಡಿಯುತ್ತಿದ್ದೆ. ಐಸ್ ಡ್ಯಾನ್ಸಿನಲ್ಲಿ ಒಂಟಿಯಾಗಿ ಜಿಗಿಯುವುದಿಲ್ಲ, ಹುಡುಗಿಯನ್ನು ಗಾಳಿಗೆ ಎಸೆಯುವುದಿಲ್ಲ. ಇಬ್ಬರೂ ಅಂಟಿಕೊಂಡು ಕುಣಿಯಬೇಕು. ಹಾಗೆ ಅಂಟಿಕೊಂಡಿರುವುದು ಇಬ್ಬರಿಗೂ ಇಷ್ಟ ಎಂದು ಕಾಣಬೇಕು.

ಆ ವರ್ಷ ಎಲ್ಲ ಜೋಡಿಗಳಿಗೂ ಟ್ಯಾಂಗೋ ಗೊತ್ತುಮಾಡಿದ್ದರು. ಕೆನ್ನೆಗೆ ಕೆನ್ನೆ, ತೊಡೆಗೆ ತೊಡೆ. ಖಾರ್ಕಿವ್ ನಗರದ ನಮ್ಮ ಐಸ್ ರಿಂಕಿನಲ್ಲಿ ಬೆಳಗಿನ ಆರು ಗಂಟೆಗೆ ಅವನ ಬಾಯಿಂದ ಬೀಜ ಮತ್ತು ಸಿಗರೇಟಿನ ವಾಸನೆ ಬರುತ್ತಿತ್ತು. ನಾನು ಉಸಿರು ಬಿಗಿಹಿಡಿದು ಪ್ರೇಮದಿಂದ ನೋಡುತ್ತಿದ್ದೆ.

"ವೀತಾ! ಪ್ರೀತಿಯಿಂದ ನೋಡೇ ಅಂದ್ರೆ ಹಲ್ಲಿನ ಡಾಕ್ಟ್ರನ್ನ ನೋಡೋ ಥರ ನೋಡ್ತೀಯಲ್ಲೇ!" ಎಂದು ಬೇಲಿಯಾಚೆಯಿಂದ ನಮ್ಮ ಕೋಚ್ ಎಲ್ವೀರಾ ಮಾರ್ಕಿವ್ನಾ ಕೂಗುತ್ತಿದ್ದರು.

"ಅವಳು ನನ್ನ ಹಲ್ಲೇ ನೋಡ್ತಿರೋದು ಎಲ್ವೀರಾ ಮಾರ್ಕಿವ್ನಾ. ಎಲ್ಲಾದ್ರೂ ಚಿನ್ನದ್ದು ಇದ್ಯಾ ಅಂತ," ಎನ್ನುತ್ತಿದ್ದ ದೆಮ್ಯಾನ್.

ಅವನು ಕೆಟ್ಟವನಲ್ಲ. ಇದನ್ನು ಬರೆಯುವಾಗಲೂ ನಾನು ಅವನಿಗೆ ಅನ್ಯಾಯ ಮಾಡುತ್ತಿದ್ದೇನೆಯೇ ಎಂದು ಅನುಮಾನವಾಗುತ್ತದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಬೀಳಿಸಲಿಲ್ಲ. ಅವನಿಗೂ ನನ್ನ ವಾಸನೆ ಇಷ್ಟವಿರಲಿಲ್ಲವೇನೋ. ಹಸಿದವರ ಬಾಯಿ ನಾರುತ್ತದೆ, ನಾನು ಯಾವಾಗಲೂ ಹಸಿದಿರುತ್ತಿದ್ದೆ. ಪ್ರತಿ ಬೆಳಿಗ್ಗೆ ಎಲ್ವೀರಾ ಮಾರ್ಕಿವ್ನಾ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ನಲವತ್ತೇಳು ಕಿಲೋ ದಾಟಿದರೆ ರಬ್ಬರಿನ ಕೋಟು ತೊಟ್ಟು ರಿಂಕಿನ ಸುತ್ತ ಓಡಬೇಕು. ನನ್ನ ಅಮ್ಮ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಆರುನೂರು ಜನಕ್ಕೆ ಅಡುಗೆ ಮಾಡುತ್ತಿದ್ದಳು. ಮನೆಗೆ ಬಂದರೆ ಅವಳ ಕೂದಲಲ್ಲೆಲ್ಲ ಹುರಿದ ಈರುಳ್ಳಿಯ ವಾಸನೆ. ನಾನು ಅವಳ ತಲೆ ಮೂಸಿ ಮಲಗುತ್ತಿದ್ದೆ.

ಸ್ಪರ್ಧೆಯ ಎರಡನೆಯ ದಿನಕ್ಕಿದ್ದ ನಮ್ಮ ಕೊನೆಯ ಕುಣಿತದಲ್ಲಿ ಒಂದು ಲಿಫ್ಟ್, ಅಂದರೆ ಎತ್ತುವ ಭಂಗಿ, ಇತ್ತು. ದೆಮ್ಯಾನ್ ಮೊಣಕಾಲು ಬಾಗಿಸಿ ಜಾರುತ್ತಾ ನನ್ನನ್ನು ಸೊಂಟ ಹಿಡಿದೆತ್ತಿ ಹೆಗಲಿಗೆ ಅಡ್ಡ ಹಾಕಿಕೊಳ್ಳುತ್ತಿದ್ದ. ನಾನು ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸಿ ಒಂದು ಕೈಯಿಂದ ನನ್ನದೇ ಸ್ಕೇಟಿನ ಅಲಗು ಹಿಡಿಯುತ್ತಿದ್ದೆ. ಅವನು ಸುತ್ತುತ್ತಿದ್ದ. ನನ್ನ ಕಾಲು ಐಸು ಬಿಟ್ಟು ಮತ್ತೆ ಐಸು ಮುಟ್ಟುವವರೆಗೆ ಆರು ಸೆಕೆಂಡು, ಅದು ನಿಯಮ. ಹೆಚ್ಚಾದರೆ ಒಂದು ಅಂಕ ಕಡಿತ. ಮುಖ್ಯ ತೀರ್ಪುಗಾರನ ಕೈಯಲ್ಲಿ ಗಡಿಯಾರವಿರುತ್ತದೆ, ಕಡಿತ ಅವನ ಕೆಲಸ.

ತಾಲೀಮಿನಲ್ಲಿ ಆರಕ್ಕೆ ಸರಿಯಾಗಿ ಎಲ್ವೀರಾ ಮಾರ್ಕಿವ್ನಾ ಚಪ್ಪಾಳೆ ತಟ್ಟುತ್ತಿದ್ದರು. ಸ್ಪರ್ಧೆಯಲ್ಲಿ ಚಪ್ಪಾಳೆಯಿಲ್ಲ, ಎಣಿಸುವುದು ನನ್ನ ಪಾಲು. ನಮ್ಮ ಕಡೆ ಸೆಕೆಂಡು ಎಣಿಸುವವರು ಒಂದು, ಎರಡು ಎನ್ನುವುದಿಲ್ಲ. ಅವು ಬಾಯಲ್ಲಿ ಬೇಗ ಮುಗಿದುಹೋಗುತ್ತವೆ. ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಎಣಿಸುತ್ತೇವೆ. ಇಪ್ಪತ್ತೈದು ಎನ್ನುವಾಗ ನಾನು ದೆಮ್ಯಾನನ ಬೆನ್ನಿಗೆ ಹೆಬ್ಬೆರಳಿನಿಂದ ಒತ್ತಬೇಕು, ಇಪ್ಪತ್ತಾರಕ್ಕೆ ನನ್ನ ಕಾಲು ಕೆಳಗಿರಬೇಕು. ನಾನು ಬಸ್ಸಿನಲ್ಲೂ ಎಣಿಸುತ್ತಿದ್ದೆ, ಸಂಜೆ ಕಾಲೇಜಿನ ತರಗತಿಯಲ್ಲೂ ಎಣಿಸುತ್ತಿದ್ದೆ. ಗೋಡೆ ಗಡಿಯಾರದ ಜೊತೆ ಹೋಲಿಸಿ ನೋಡಿದರೆ ಹೆಚ್ಚೆಂದರೆ ಸೆಕೆಂಡಿನ ಹತ್ತರಲ್ಲೆರಡು ಭಾಗ ತಪ್ಪುತ್ತಿತ್ತು.

ಡಿಸೆಂಬರಿನಲ್ಲಿ ಕೀವ್ ನಗರದಲ್ಲಿ ಆಯ್ಕೆ ಸ್ಪರ್ಧೆ. ಜನವರಿಯ ಯುರೋಪ್ ಚಾಂಪಿಯನ್‌ಷಿಪ್ಪಿಗೆ ನಮ್ಮ ದೇಶದಿಂದ ಎರಡು ಜೋಡಿ ಹೋಗಬಹುದಿತ್ತು. ಒಂದು ಜಾಗ ಹೊರದೇಶದಲ್ಲಿ ಅಭ್ಯಾಸ ಮಾಡುವ ಜೋಡಿಗೆ ಮೊದಲೇ ಹೋಗಿತ್ತು. ಉಳಿದದ್ದು ಒಂದು. ಅದಕ್ಕೆ ನಾವು ಮತ್ತು ದ್ನಿಪ್ರೊ ಊರಿನ ಯರಿನಾಳ ಜೋಡಿ. ಹಿಂದಿನ ಎರಡು ವರ್ಷವೂ ಯರಿನಾ ಹೋಗಿದ್ದಳು. ನನಗೆ ಇಪ್ಪತ್ತೆರಡು. ಹೊರದೇಶದ ಹುಡುಗಿಯೊಬ್ಬಳ ಅಪ್ಪ ತನ್ನ ಮಗಳ ಜೊತೆ ಕುಣಿಯಲು ಬಾ ಎಂದು ದೆಮ್ಯಾನನಿಗೆ ಆಗಲೇ ಕಾಗದ ಬರೆದಿದ್ದ. ಗಂಡು ಕುಣಿತಗಾರರು ಎಲ್ಲ ಕಡೆಯೂ ಕಡಿಮೆ, ಹುಡುಗಿಯರು ರಾಶಿ ಬಿದ್ದಿದ್ದಾರೆ.

"ಯುರೋಪಿಗೆ ಹೋದ್ರೆ ನಿನ್ ಜೊತೆ ಇರ್ತೀನಿ," ಎಂದು ದೆಮ್ಯಾನ್ ಮುಚ್ಚುಮರೆಯಿಲ್ಲದೆ ಹೇಳಿದ್ದ. "ಇಲ್ಲಾಂದ್ರೆ ಕ್ಷಮಿಸು ವೀತ್ಕಾ. ನಂಗೂ ವಯಸ್ಸಾಗ್ತಿದೆ."

ಹೋಗದಿದ್ದರೆ ನಾನು ಐಸಿನ ಮೇಲೆ ಇರುವುದಿಲ್ಲ. ಅಷ್ಟೇ ವಿಷಯ.

ಇನ್ನು ಮೇಜಿನ ಸಂಗತಿ. ನಮ್ಮಲ್ಲಿ ಸ್ಪರ್ಧೆ ನಡೆದಾಗ ಕುಣಿಯುವವರ ತಾಯಂದಿರು ತೀರ್ಪುಗಾರರಿಗೆ ಮೇಜು ಹಾಕುತ್ತಾರೆ. ಯಾರೂ ಯಾರನ್ನೂ ಕರೆಯುವುದಿಲ್ಲ. ತೀರ್ಪುಗಾರರು ಹೋಟೆಲಿನ ಕಾರಿಡಾರಿನಲ್ಲಿ ಹೋಗುತ್ತಿರುವಾಗ ಒಂದು ಬಾಗಿಲು ತೆರೆದಿರುತ್ತದೆ, ಒಳಗಿನಿಂದ ಬೆಳ್ಳುಳ್ಳಿಯ ವಾಸನೆ ಬರುತ್ತದೆ, ಅವರು ಆಕಸ್ಮಿಕವಾಗಿ ಒಳಗೆ ಬರುತ್ತಾರೆ. ಆ ಮೇಜಿಗೆ ಒಂದು ಕಟ್ಟಳೆಯಿದೆ: ಅಲ್ಲಿ ಐಸಿನ ಮಾತು ಆಡಬಾರದು. ಹವಾಮಾನ, ಬೆನ್ನುನೋವು, ಮೊಮ್ಮಕ್ಕಳು, ಉಪ್ಪಿನಕಾಯಿ. ಅಂಕ ಎಂಬ ಶಬ್ದ ಬಾಯಿಂದ ಬಿದ್ದರೆ ಅದು ಲಂಚವಾಗುತ್ತದೆ. ಬೀಳದಿದ್ದರೆ ಅತಿಥಿ ಸತ್ಕಾರ.

ಮೊದಲ ದಿನ ಟ್ಯಾಂಗೋ ಮುಗಿದಾಗ ನಾವು ಯರಿನಾಳಿಗಿಂತ ಅರ್ಧ ಅಂಕ ಹಿಂದಿದ್ದೆವು. ಮಧ್ಯಾಹ್ನ ಒಂದು ಗಂಟೆಗೆ ಅಮ್ಮ ತನ್ನ ಹೋಟೆಲ್ ಕೋಣೆಯಲ್ಲಿ ಎರಡು ಇಸ್ತ್ರಿ ಹಲಗೆಗಳನ್ನು ಜೋಡಿಸಿ ಮೇಲೆ ಬಿಳಿ ಬಟ್ಟೆ ಹಾಸಿದ್ದಳು. ನಡುವೆ ಖೊಲೊದೆತ್ಸ್. ಹಂದಿಯ ಕಾಲು, ಕಿವಿ, ಗೊರಸುಗಳನ್ನು ಒಂದು ಹಗಲು ಬೇಯಿಸಿ, ಎಲುಬು ಬಿಡಿಸಿ, ಆ ಸಾರನ್ನೇ ಚಳಿಗೆ ಇಟ್ಟು ಗಡ್ಡೆಗಟ್ಟಿಸಿದ್ದು. ಖಾರ್ಕಿವಿನಿಂದ ಆರು ಗಂಟೆ ರೈಲಿನಲ್ಲಿ ಎರಡು ಬೋಗಿಗಳ ನಡುವಿನ ಚಳಿಯಲ್ಲಿ ಪಾತ್ರೆಯ ಪಕ್ಕವೇ ನಿಂತು ತಂದಿದ್ದಳು.

ಐದು ಜನ ಬಂದರು. ಮುಖ್ಯ ತೀರ್ಪುಗಾರ ವಲೆರಿಯಾನ್ ಪಿಲಿಪೊವಿಚ್ ಬಾಗಿಲಲ್ಲೇ ಕೈ ಅಗಲಿಸಿದ.

"ಲೀದಾ ಸೆಮೆನಿವ್ನಾ! ನಾನು ಕೆಳಗೆ ಹೋಗ್ತಿದ್ದೆ, ನನ್ನ ಮೂಗು ಈ ಕಡೆ ತಿರುಗಿಬಿಡ್ತು ನೋಡಿ!"

"ಮೂಗಿಗೆ ಬುದ್ಧಿ ಇದೆ ವಲೆರಿಯಾನ್ ಪಿಲಿಪೊವಿಚ್. ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದಳು ಅಮ್ಮ.

ಬಡಿಸುವ ಕೆಲಸ ನನ್ನದು. ಎರಡು ದಿನದಿಂದ ನಾನು ಬರಿಯ ಕೆಫೀರ್ ಮಜ್ಜಿಗೆ ಕುಡಿದಿದ್ದೆ. ಅವರು ತಿನ್ನುವುದನ್ನು ನಾನು ಅಷ್ಟು ಹತ್ತಿರದಿಂದ ಅದಕ್ಕೆ ಮೊದಲು ನೋಡಿರಲಿಲ್ಲ. ವಲೆರಿಯಾನ್ ಪಿಲಿಪೊವಿಚ್ ಚಮಚ ಮುಟ್ಟುತ್ತಿರಲಿಲ್ಲ. ನಡುಗುವ ಆ ತುಂಡನ್ನು ಬ್ರೆಡ್ಡಿನಿಂದ ತಳ್ಳಿ ಬಾಯೊಳಗೆ ಹೀರುತ್ತಿದ್ದ. ತುಟಿಯ ಮೇಲೆ ಕೊಬ್ಬು ತಣ್ಣಗಾಗಿ ಬಿಳಿಯ ಪದರ ಕಟ್ಟುತ್ತಿತ್ತು, ಅವನು ಅದನ್ನು ನಾಲಿಗೆಯಿಂದ ನೆಕ್ಕುತ್ತಿದ್ದ. ಅವನ ಪಕ್ಕದ ಹೆಂಗಸು, ನನಗೆ ಕುಣಿತದ ಭಾವಕ್ಕೆ ಅಂಕ ಕೊಡುವವಳು, ಹಲ್ಲಿನ ಸಂದಿಯಿಂದ ಹಂದಿಯ ಕೂದಲೊಂದನ್ನು ಎಳೆದು ತೆಗೆದು ಬಟ್ಟೆಗೆ ಒರೆಸಿದಳು. ನನ್ನ ಬಾಯಲ್ಲಿ ನೀರೂರುತ್ತಿತ್ತು, ಅದೇ ಹೊತ್ತಿಗೆ ಹೇಸಿಗೆಯೂ ಆಗುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತವೆ ಎಂದು ನನಗೆ ಗೊತ್ತಿರಲಿಲ್ಲ.

ತಟ್ಟೆ ತೆಗೆಯಲು ಬಾಗಿದಾಗ ವಲೆರಿಯಾನ್ ಪಿಲಿಪೊವಿಚ್ ನನ್ನ ತೋಳನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿದ. ಬೆರಳು ಜಿಡ್ಡಾಗಿತ್ತು.

"ಇಲ್ಲಿ ಸ್ವಲ್ಪ ಜಾಸ್ತಿ ಇದೆ ಪುಟ್ಟಿ. ಒಂದು ಕಿಲೋ ಇಳಿಸು," ಎಂದ ಮಮತೆಯಿಂದ.

"ಇಳಿಸ್ತಾಳೆ, ಇಳಿಸ್ತಾಳೆ," ಎಂದಳು ಅಮ್ಮ. "ನೀವು ಇನ್ನೊಂದು ತುಂಡು ಹಾಕಿಸ್ಕೊಳ್ಳಿ."

ನಾನು ಬಚ್ಚಲಿಗೆ ಹೋಗಿ ತೋಳನ್ನು ಸೋಪಿನಿಂದ ಉಜ್ಜಿದೆ. ಅಮ್ಮನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ರೈಲಿನಲ್ಲಿ ನಿಂತೇ ಬಂದಿದ್ದಳು.

ಮರುದಿನ ಮಧ್ಯಾಹ್ನ ಕೊನೆಯ ಕುಣಿತ. ಯರಿನಾಳ ಜೋಡಿ ನಮಗಿಂತ ಮೊದಲು ಇಳಿಯಿತು. ನಾನು ನೋಡಬಾರದೆಂದು ಗೋಡೆಗೆ ಮುಖ ಮಾಡಿ ನಿಂತಿದ್ದೆ, ಆದರೆ ಅಲಗಿನ ಸದ್ದು ಕೇಳಿಸುತ್ತದೆ. ತಪ್ಪಿಲ್ಲದ ಕುಣಿತದ ಸದ್ದೇ ಬೇರೆ, ಒಂದೇ ಉದ್ದ ಬಟ್ಟೆಯನ್ನು ಹರಿದ ಹಾಗೆ. ಅವರದು ಹಾಗಿತ್ತು.

ನಾವು ಚೆನ್ನಾಗಿಯೇ ಕುಣಿದೆವು. ಲಿಫ್ಟಿನವರೆಗೆ. ದೆಮ್ಯಾನ್ ನನ್ನನ್ನೆತ್ತಿದ. ಇಪ್ಪತ್ತೊಂದು, ಇಪ್ಪತ್ತೆರಡು. ಇಪ್ಪತ್ನಾಲ್ಕಕ್ಕೆ ಅವನ ಅಲಗು ಯಾವುದೋ ಬಿರುಕಿಗೆ ತಾಗಿತು, ಇಡೀ ದೇಹ ಅದುರಿದ್ದು ನನ್ನ ಪಕ್ಕೆಲುಬಿಗೆ ಗೊತ್ತಾಯಿತು. ಇಪ್ಪತ್ತೈದಕ್ಕೆ ಹೆಬ್ಬೆರಳು ಒತ್ತಿದೆ. ಅವನು ಇಳಿಸಲಿಲ್ಲ. ಇಳಿಸಿದ್ದರೆ ಇಬ್ಬರೂ ಬೀಳುತ್ತಿದ್ದೆವು. ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು. ಆಗ ನನ್ನ ಕಾಲು ಐಸು ಮುಟ್ಟಿತು.

ಎಂಟು ಸೆಕೆಂಡು. ಉಳಿದ ಕುಣಿತವನ್ನು ನಾನು ನಗುತ್ತಲೇ ಮುಗಿಸಿದೆ. ಒಂದು ಅಂಕ ಹೋಯಿತು, ಎಲ್ಲ ಮುಗಿಯಿತು ಎಂದು ಖಾತ್ರಿಯಾಗಿತ್ತು. ಒಂದು ರೀತಿ ಹಗುರವೂ ಆಗಿತ್ತು.

ಎರಡು ಗಂಟೆಗೆ ಫಲಿತಾಂಶದ ಹಾಳೆಯನ್ನು ಕಾರಿಡಾರಿನ ಗೋಡೆಗೆ ಅಂಟಿಸಿದರು. ನಾವು ಮೊದಲು. ಯರಿನಾಳಿಗಿಂತ ಸೊನ್ನೆ ಬಿಂದು ಮೂರು ಎಂಟು ಅಂಕ ಹೆಚ್ಚು. ಕಡಿತದ ಕಾಲಮ್ಮಿನಲ್ಲಿ ನಮ್ಮ ಹೆಸರಿನೆದುರು ಸೊನ್ನೆ.

ದೆಮ್ಯಾನ್ ನನ್ನನ್ನು ಎತ್ತಿ ಗಿರಗಿರನೆ ತಿರುಗಿಸಿದ. ಅಮ್ಮ ಕೂಗಿ ಅತ್ತಳು. ನಾನು ಆ ಸೊನ್ನೆಯನ್ನೇ ನೋಡುತ್ತಿದ್ದೆ. ನಾನೇ ತಪ್ಪು ಎಣಿಸಿದೆನೆ? ಹೆದರಿದವರು ಬೇಗ ಎಣಿಸುತ್ತಾರೆ. ಆರೂಕಾಲು ಸೆಕೆಂಡು ಇದ್ದಿರಬಹುದು, ಗಡಿಯಾರ ಒತ್ತುವವನ ಬೆರಳಿನ ಲೆಕ್ಕದಲ್ಲಿ ಆರೇ ಆಗಿರಬಹುದು. ನನಗೆ ನನ್ನ ಮೇಲೆ ಎಂದೂ ನಂಬಿಕೆಯಿರಲಿಲ್ಲ. ಮನೆಯಿಂದ ಹೊರಟರೆ ಗ್ಯಾಸ್ ಆರಿಸಿದೆನೇ ಎಂದು ಎರಡು ಸಲ ಹಿಂದಿರುಗುವವಳು ನಾನು.

ಎಲ್ವೀರಾ ಮಾರ್ಕಿವ್ನಾ ಪ್ರತಿ ಕುಣಿತವನ್ನೂ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಅವರ ಚೀಲದಿಂದ ಕ್ಯಾಮೆರಾವನ್ನೂ ಸ್ಟಾಪ್ ವಾಚನ್ನೂ ತೆಗೆದುಕೊಂಡು ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಕುಳಿತೆ. ನಾಲ್ಕು ಸಲ ನೋಡಿದೆ. ಎಂಟು ಬಿಂದು ಒಂದು. ಏಳು ಬಿಂದು ಒಂಬತ್ತು. ಎಂಟು. ಎಂಟು ಬಿಂದು ಎರಡು.

ಐದನೆಯ ಸಲ ಒತ್ತುವ ಹೊತ್ತಿಗೆ ಎಲ್ವೀರಾ ಮಾರ್ಕಿವ್ನಾ ಹಿಂದೆ ನಿಂತಿದ್ದರು.

"ಏನೇ ಮಾಡ್ತಿದೀಯ?"

"ಎಂಟು ಸೆಕೆಂಡು ಎಲ್ವೀರಾ ಮಾರ್ಕಿವ್ನಾ."

"ಗೊತ್ತು."

"ವಲೆರಿಯಾನ್ ಪಿಲಿಪೊವಿಚ್ ನೋಡ್ಲಿಲ್ವಾ?"

ಅವರು ನನ್ನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ಮುಚ್ಚಿದರು. "ಅವನಿಗೂ ಗೊತ್ತು. ಐಸಿಗೆ ನೀರು ಹಾಕೋ ಗಾಡಿಯ ಡ್ರೈವರಿಗೂ ಗೊತ್ತು. ಬಾಯಿ ಮುಚ್ಕೊಂಡಿರೋದು ಹೇಗೆ ಅಂತ ಗೊತ್ತಿಲ್ಲದೆ ಇರೋದು ನಿಂಗೊಬ್ಬಳಿಗೇ. ಏಳು. ಮೂರು ಗಂಟೆಗೆ ನಿಮ್ಮಮ್ಮ ಮೇಜು ಹಾಕ್ತಾಳೆ."

ಗೆದ್ದವರ ತಾಯಿ ಎರಡನೆಯ ಸಲ ಮೇಜು ಹಾಕುವುದು ವಾಡಿಕೆ.

ಅವರು ಹೋದಮೇಲೆ ನಾನು ಯರಿನಾಳನ್ನು ಹುಡುಕಿಕೊಂಡು ಹೋದೆ. ಇದು ಒಳ್ಳೆಯತನವಲ್ಲ ಎಂದು ಈಗ ತಿಳಿಯುತ್ತದೆ. ಅವಳು ನನಗೆ ಉಗಿಯಲಿ, ಆಗ ಲೆಕ್ಕ ಚುಕ್ತವಾಗುತ್ತದೆ ಎಂಬ ಆಸೆಯಿತ್ತು. ಅವಳು ಸ್ನಾನದ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ಕಾಲಿನ ಗುಳ್ಳೆಗಳಿಂದ ಪ್ಲಾಸ್ಟರ್ ಕೀಳುತ್ತಿದ್ದಳು. ಹಳದಿ ಕೀವು, ರಕ್ತ, ಅಂಟು. ಒಂದೊಂದು ಪಟ್ಟಿಯನ್ನೂ ಮಡಚಿ ನೆಲದ ಮೇಲೆ ಇಡುತ್ತಿದ್ದಳು.

"ಯರಿನಾ, ನಮ್ಮ ಲಿಫ್ಟು ಎಂಟು ಸೆಕೆಂಡು ಆಯ್ತು," ಎಂದೆ. "ಕಡಿತ ಹಾಕಿದ್ರೆ ನೀವು ಗೆಲ್ತಿದ್ರಿ."

ಅವಳು ತಲೆಯೆತ್ತಲಿಲ್ಲ. "ನಮ್ಮಪ್ಪ ಎಂಟೂ ಕಾಲು ಅಂದ್ರು."

"ಮತ್ತೆ ಯಾಕೆ ಸುಮ್ಮನಿದೀರಿ?"

"ಹೋದ ವರ್ಷ ಒಂಟಿ ಕಾಲಲ್ಲಿ ತಿರುಗೋವಾಗ ನಾನು ಎಡಗಾಲು ಊರಿದ್ದೆ. ಇಡೀ ರಿಂಕು ನೋಡ್ತು. ತೀರ್ಪುಗಾರರು ಮಾತ್ರ ನೋಡ್ಲಿಲ್ಲ. ಆ ಸಲ ಮೇಜಿಗೆ ನಮ್ಮಪ್ಪ ನದೀಲಿ ಹಿಡಿದಿದ್ದ ಮೀನು ಬಂದಿತ್ತು, ಇಷ್ಟುದ್ದ." ಕೈಯಿಂದ ಅಳತೆ ತೋರಿಸಿದಳು. "ಆಗ ನಾನು ನಿನ್ ಹತ್ರ ಬಂದು ಅತ್ತಿದ್ನಾ?"

"ನಾನು ಅಳ್ತಿಲ್ಲ."

"ಅಳ್ತಿದೀಯ. ನಿನ್ನ ಕೊಳೆ ತೊಳ್ಕೊಳ್ಳೋಕೆ ನನ್ನ ಹತ್ರ ಬಂದಿದೀಯ. ನಾನೇನು ಸೋಪಾ?" ಈಗ ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ತಟ್ಟೆಯಲ್ಲಿ ನೊಣ ಕಂಡಾಗ ಆಗುವಂಥ ಮುಖ. "ನಿಯಮ ಓದಿದೀಯ ಅಲ್ವಾ, ಎಲ್ಲಾನೂ ನೋಟ್‌ಬುಕ್ಕಲ್ಲಿ ಬರ್ಕೊಳ್ಳೋಳು ನೀನು. ಫಲಿತಾಂಶ ಬಂದ ಎರಡು ಗಂಟೆಯೊಳಗೆ ಯಾರು ಬೇಕಾದ್ರೂ ತಕರಾರು ಬರೆದು ಕೊಡಬಹುದು. ನಾವು ಕೊಟ್ರೆ ಹೊಟ್ಟೆಕಿಚ್ಚು ಅಂತಾರೆ. ನೀನು ಕೊಟ್ರೆ ಯಾರೂ ಏನೂ ಅನ್ನೋಕಾಗಲ್ಲ. ಹೋಗಿ ಕೊಡು. ಆಮೇಲೆ ಬಾ, ನಿನ್ನ ತಬ್ಕೋತೀನಿ."

ನಾಲ್ಕು ಗಂಟೆಯವರೆಗೆ ಸಮಯವಿತ್ತು. ನಾನು ಹೋಟೆಲಿಗೆ ನಡೆದೆ. ಹೊರಗೆ ಕೊಚ್ಚೆಯಾದ ಮಂಜು, ಉಪ್ಪು ಸುರಿದು ಕಪ್ಪಾದದ್ದು, ಬೂಟಿನೊಳಗೆ ಸೇರುತ್ತಿತ್ತು. ಹೇಳಿಬಿಡುತ್ತೇನೆ ಎಂದು ನಿರ್ಧಾರವಾಗಿತ್ತು. ದೆಮ್ಯಾನ್ ಹೊರಡುತ್ತಾನೆ, ಹೊರಡಲಿ. ನಾನು ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತೇನೆ, ಸಂಜೆ ಓದು ಮುಗಿಸುತ್ತೇನೆ, ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ತಿನ್ನುತ್ತೇನೆ. ಬೆಣ್ಣೆಯ ಯೋಚನೆ ಬಂದಾಗ ತಲೆ ತಿರುಗಿತು.

ಮಹಡಿಯ ಕಾರಿಡಾರಿನ ಕೊನೆಯಲ್ಲಿ, ನೀರಿನ ತೊಟ್ಟಿಯ ಹತ್ತಿರ, ನನ್ನ ಅಮ್ಮನೂ ಯರಿನಾಳ ಅಮ್ಮನೂ ಭುಜಕ್ಕೆ ಭುಜ ತಾಗಿಸಿ ನಿಂತು ತಟ್ಟೆ ತೊಳೆಯುತ್ತಿದ್ದರು.

"ಬಾತುಕೋಳಿ ಚರ್ಮ ಅಷ್ಟು ಗರಿಗರಿ ಹೇಗ್ ಮಾಡಿದ್ರಿ ಲೀದಾ ಸೆಮೆನಿವ್ನಾ?" ಎಂದು ಯರಿನಾಳ ಅಮ್ಮ ಕೇಳುತ್ತಿದ್ದಳು.

"ಕುದಿಯೋ ನೀರು ಸುರೀಬೇಕು ಕಣ್ರೀ, ಮೊದ್ಲು. ಆಮೇಲೆ ಒಣಗಿಸ್ಬೇಕು. ಇನ್ನೊಂದು ಗುಟ್ಟಿದೆ, ಅದನ್ನ ಮುಂದಿನ ವರ್ಷ ಹೇಳ್ತೀನಿ."

ಇಬ್ಬರೂ ನಕ್ಕರು. ಯರಿನಾಳ ಅಮ್ಮನ ನಗು ಬಲವಂತದ್ದಾಗಿತ್ತು, ಆದರೆ ನಕ್ಕಳು. ಮುಂದಿನ ವರ್ಷ ಇದೇ ಐದು ಬಾಯಿಗಳು ಬರುತ್ತವೆ, ಅದಕ್ಕೆ ಈಗಿನಿಂದಲೇ ತಯಾರಿ.

ಕೋಣೆಯಲ್ಲಿ ಸೇಬು ತುಂಬಿ ಹುರಿದ ಎರಡು ಬಾತುಕೋಳಿ. ಅಮ್ಮ ಹೋಟೆಲಿನ ಅಡುಗೆಯವಳನ್ನು ಒಲಿಸಿಕೊಂಡು ಅವಳ ಒಲೆಯಲ್ಲಿ ಮಾಡಿದ್ದಳು. ಐವರೂ ಬಂದಿದ್ದರು, ದೆಮ್ಯಾನ್, ಎಲ್ವೀರಾ ಮಾರ್ಕಿವ್ನಾ ಕೂಡ. ಕೊನ್ಯಾಕಿನ ಎರಡನೆಯ ಸುತ್ತು ನಡೆಯುತ್ತಿತ್ತು. ವಲೆರಿಯಾನ್ ಪಿಲಿಪೊವಿಚ್ ತನ್ನ ಮೊಣಕಾಲಿನ ಆಪರೇಷನ್ ಕತೆ ಹೇಳುತ್ತಿದ್ದ. ಎಲುಬಿನ ತುದಿಯನ್ನು ಹಲ್ಲಿನಿಂದ ಒಡೆದು, ಒಳಗಿನ ರಸ ಹೀರಿ, "ಇಲ್ಲಿ ಕೊರೆದ್ರು ನೋಡಿ, ಇಲ್ಲಿ" ಎಂದು ಅದೇ ಎಲುಬಿನ ಮೇಲೆ ತೋರಿಸುತ್ತಿದ್ದ.

ನಾನು ಎಲ್ವೀರಾ ಮಾರ್ಕಿವ್ನಾ ಪಕ್ಕ ಕುಳಿತೆ. ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತು.

"ನಮ್ಮ ಲಿಫ್ಟು ಎಂಟು ಸೆಕೆಂಡು ಆಗಿತ್ತು," ಎಂದೆ.

ಅಗಿಯುವ ಸದ್ದು ನಿಂತಿತು. ಅದು ನಿಂತಾಗಲೇ ಅಷ್ಟು ಹೊತ್ತು ಎಷ್ಟು ಜೋರಾಗಿತ್ತು ಎಂದು ಗೊತ್ತಾದದ್ದು. ಎಲ್ವೀರಾ ಮಾರ್ಕಿವ್ನಾ ನನ್ನ ತೊಡೆಯನ್ನು ಮೇಜಿನ ಕೆಳಗೆ ಚಿವುಟಿದರು. ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ ಅಮ್ಮ ಬಾಗಿಲಲ್ಲೇ ನಿಂತಳು.

"ಊಟದ ಹೊತ್ತಲ್ಲಿ ಐಸಿನ ಮಾತಾ ಪುಟ್ಟಿ?" ಎಂದ ವಲೆರಿಯಾನ್ ಪಿಲಿಪೊವಿಚ್. ಸಿಟ್ಟಿರಲಿಲ್ಲ, ನೊಂದವನಂತೆ ಹೇಳಿದ.

"ನಾಲ್ಕು ಸಲ ನೋಡಿದೆ. ಎಂಟು."

ಅವನು ಕೈಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ತನ್ನ ಫೈಲಿನಿಂದ ಒಂದು ಬಿಳಿ ಹಾಳೆ ತೆಗೆದು, ತಟ್ಟೆಗಳನ್ನು ಸರಿಸಿ ನನ್ನೆದುರು ಇಟ್ಟ. ಮೇಲೆ ಪೆನ್ನು ಇಟ್ಟ.

"ಬರಿ. ಇಪ್ಪತ್ತು ನಿಮಿಷ ಇದೆ. ನಿನ್ನ ಹೆಸರು, ತಕರಾರು ಏನು, ಸಹಿ. ನಾನು ತಗೋತೀನಿ. ಯರಿನಾ ಯುರೋಪಿಗೆ ಹೋಗ್ತಾಳೆ. ನಾನು ಯಾರನ್ನೂ ತಡೆಯೋನಲ್ಲಪ್ಪ." ಬೇರೆಯವರ ಕಡೆ ತಿರುಗಿದ. "ಆದ್ರೆ ಒಂದು ಮಾತು. ನಾನು ಮೂವತ್ತು ವರ್ಷದಿಂದ ಗಡಿಯಾರ ಹಿಡಿದಿದೀನಿ. ನನ್ನ ಕೈಯಲ್ಲಿ ಆರು ಬಂತು. ಇವಳ ಕೈಯಲ್ಲಿ ಎಂಟು ಬಂದಿದೆ. ಇವಳ ಕೈ ನೋಡಿ."

ಎಲ್ಲರೂ ನನ್ನ ಕೈ ನೋಡಿದರು. ನಡುಗುತ್ತಿತ್ತು. ಮೂರು ದಿನದ ಹಸಿವು.

"ನೀನೇ ಹೇಳು ವೀತಾ, ಖಾತ್ರಿಯಾಗಿ ಎಂಟಾ?" ಎಂದ.

ಪೆನ್ನು ಹಿಡಿದೆ. ದಿನಾಂಕ ಬರೆದೆ. ನನ್ನ ಹೆಸರು ಬರೆದೆ. ಆಮೇಲೆ ನಿಂತೆ. ಏಳು ಬಿಂದು ಒಂಬತ್ತೂ ಬಂದಿತ್ತು, ಎಂಟು ಬಿಂದು ಎರಡೂ ಬಂದಿತ್ತು. ನಾಲ್ಕು ಸಲ ಒತ್ತಿ ನಾಲ್ಕು ಉತ್ತರ ಬಂದರೆ ಯಾವುದು ಸರಿ? ಅಷ್ಟು ಪುಟ್ಟ ಪರದೆಯಲ್ಲಿ ಕಾಲು ಐಸು ಮುಟ್ಟಿದ ಗಳಿಗೆ ಸರಿಯಾಗಿ ಕಾಣುತ್ತದೆಯೇ? ಗ್ಯಾಸ್ ಆರಿಸಿದ್ದು ನೆನಪಿಲ್ಲದವಳು ಸೆಕೆಂಡಿನ ಬಗ್ಗೆ ಪ್ರಮಾಣ ಮಾಡಬಹುದೇ? ಜೀವಮಾನವಿಡೀ ನನ್ನನ್ನು ಕಾಡಿದ ಅನುಮಾನ ಅಂದು ಮೊದಲ ಸಲ ನನ್ನ ಉಪಯೋಗಕ್ಕೆ ಬಂತು. ಅದು ಬರುತ್ತಿರುವುದನ್ನು ನಾನು ನೋಡುತ್ತಲೇ ಇದ್ದೆ. ಕರೆಯದೆ ಬಂದ ನೆಂಟನಂತೆ ಬಂದು ನನ್ನ ಪಕ್ಕದಲ್ಲಿ ಕುಳಿತುಕೊಂಡಿತು.

ಎಂಟು ಎಂದು ನನಗೆ ಗೊತ್ತಿತ್ತು. ನನ್ನ ಪಕ್ಕೆಲುಬಿಗೆ ಗೊತ್ತಿತ್ತು.

"ವೀತ್ಕಾ," ಎಂದ ದೆಮ್ಯಾನ್ ಮೆಲ್ಲಗೆ. ಅವನ ಮುಖ ಬಿಳಿಚಿತ್ತು. "ಆಗ ಇಳಿಸಿದ್ರೆ ನಿನ್ನ ತಲೆ ಒಡೀತಿತ್ತು. ಅದಕ್ಕೇ ಹಿಡ್ಕೊಂಡಿದ್ದೆ."

ಅದೂ ನಿಜ. ಅವನು ನನ್ನನ್ನು ಬೀಳಿಸದೆ ಇದ್ದುದರ ಮೇಲೆ ನಾನು ತಕರಾರು ಬರೆಯುತ್ತಿದ್ದೆ.

ಅಮ್ಮ ಬಂದು ನನ್ನ ಹಿಂದೆ ನಿಂತಳು. ಅವಳು ಏನಾದರೂ ಹೇಳಿದ್ದರೆ, ಬರೆಯಬೇಡ ಎಂದು ಬೈದಿದ್ದರೆ, ಬಹುಶಃ ಬರೆದುಬಿಡುತ್ತಿದ್ದೆ. ಬಾತುಕೋಳಿಯ ತೊಡೆಯೊಂದನ್ನು ಕಿತ್ತು ನನ್ನೆದುರು ಹಿಡಿದಳು. ಇಡಲು ತಟ್ಟೆಯಿರಲಿಲ್ಲ, ತಟ್ಟೆಗಳನ್ನು ವಲೆರಿಯಾನ್ ಪಿಲಿಪೊವಿಚ್ ಆಗಲೇ ಸರಿಸಿದ್ದ. ಹಾಳೆಯ ಮೇಲೆ ಇಟ್ಟಳು.

"ಮೊದ್ಲು ತಿನ್ನು ಮಗಳೇ," ಎಂದಳು. "ಹಸಿದ ಹೊಟ್ಟೇಲಿ ಏನೂ ತೀರ್ಮಾನ ಮಾಡಬಾರದು. ತಿಂದು ಬರಿ."

ಕೊಬ್ಬು ಹಾಳೆಯಲ್ಲಿ ಹರಡತೊಡಗಿತು. ನನ್ನ ಹೆಸರಿನ ಸುತ್ತ ಕಾಗದ ಪಾರದರ್ಶಕವಾಗಿ, ಕೆಳಗಿನ ಬಟ್ಟೆಯ ನೇಯ್ಗೆ ಕಾಣಿಸಿತು. ತೊಡೆಯನ್ನು ಆಚೆಗೆ ತಳ್ಳಿ ಇನ್ನೊಂದು ಹಾಳೆ ಕೇಳಬಹುದಿತ್ತು. ಫೈಲಿನಲ್ಲಿ ಎಷ್ಟೋ ಹಾಳೆಗಳಿದ್ದವು, ನನಗೆ ಕಾಣುತ್ತಿತ್ತು.

ಕೈ ತಾನಾಗಿ ಹೋಯಿತು ಎಂದು ಬರೆಯಲಾರೆ, ಅದು ಸುಳ್ಳು. ನಾನೇ ಎತ್ತಿಕೊಂಡೆ. ಚರ್ಮ ಹಲ್ಲಿಗೆ ಸಿಕ್ಕಿ ಕರುಂ ಎಂದಿತು, ಬಿಸಿ ಕೊಬ್ಬು ಗಲ್ಲದ ಮೇಲೆ ಇಳಿಯಿತು. ಅಷ್ಟು ರುಚಿಯಾದದ್ದನ್ನು ನಾನು ಹಿಂದೆ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ. ನುಂಗುತ್ತಾ ಹೋದೆ. ಎದುರಿನ ಐವರ ಬಾಯಿಗಳೂ ಮತ್ತೆ ಆಡತೊಡಗಿದವು, ನನ್ನ ಬಾಯಿಯ ಸದ್ದು ಅವರ ಸದ್ದಿನೊಳಗೆ ಸೇರಿಕೊಂಡಿತು. ವಲೆರಿಯಾನ್ ಪಿಲಿಪೊವಿಚ್ ಮೊಣಕಾಲಿನ ಕತೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದ. ಕುಣಿತದ ಭಾವಕ್ಕೆ ಅಂಕ ಕೊಡುವ ಹೆಂಗಸು ಬ್ರೆಡ್ಡಿನ ಬುಟ್ಟಿಯನ್ನು ನನ್ನತ್ತ ತಳ್ಳಿದಳು, ನಾನು ಅವರಲ್ಲೊಬ್ಬಳು ಎಂಬಂತೆ.

ಗಡಿಯಾರದಲ್ಲಿ ನಾಲ್ಕಾಯಿತು. ಯಾರೂ ಅತ್ತ ನೋಡಲಿಲ್ಲ. ನಾನು ನೋಡಿದೆ. ಹಾಳೆಯ ಮೇಲೆ ಎಲುಬು ಇಟ್ಟೆ.

"ಇನ್ನೊಂದು ತುಂಡು?" ಎಂದಳು ಅಮ್ಮ.

"ಹಾಕಮ್ಮ," ಎಂದೆ.